ಬೆಳ್ಳಿ–ಎಪಾಕ್ಸಿ ವಾಹಕ ಅಂಟಿನ ರೋಧವನ್ನು ತಗ್ಗಿಸುವ ಬಗೆ

ವಾಹಕ ಅಂಟಿನ (ಬೆಳ್ಳಿ ಬೆರೆಸಿದ, ವಿದ್ಯುತ್ತನ್ನು ಹರಿಯಗೊಡುವ ಎಪಾಕ್ಸಿ ರಾಳದ ಅಂಟು) ರೋಧ ಬೇಕಾದುದಕ್ಕಿಂತ ಹೆಚ್ಚು ಬಂದಿತೆಂದರೆ ಬಹುತೇಕರ ಕೈ ಮೊದಲು ಹೋಗುವುದು ಬೆಳ್ಳಿಪುಡಿಯ ಡಬ್ಬಿಗೆ. ಇನ್ನಷ್ಟು ಬೆಳ್ಳಿ ಬೆರೆಸಿದರೆ ವಾಹಕತೆ ತಾನಾಗಿ ಏರುತ್ತದೆ ಎಂಬ ನಂಬಿಕೆ ಅಷ್ಟು ಆಳವಾಗಿ ಬೇರೂರಿದೆ. ಈ ಕೆಲಸಕ್ಕೆ ಕೈಹಾಕಿದ ಮೊದಲ ವರ್ಷಗಳಲ್ಲಿ ನಾನೂ ಅದನ್ನೇ ನಂಬಿದ್ದೆ. ಆದರೆ ರೋಧ ಇರುವುದು ಬೆಳ್ಳಿಯಲ್ಲಿ ಅಲ್ಲ, ಒಂದು ಬೆಳ್ಳಿ ಚಕ್ಕೆಗೂ ಅದರ ಪಕ್ಕದ ಚಕ್ಕೆಗೂ ನಡುವೆ ಉಳಿದುಬಿಡುವ ಸಂದಿನಲ್ಲಿ. ಆ ಸಂದನ್ನು ಸರಿಪಡಿಸದೆ ಬೆಳ್ಳಿಯನ್ನು ಮಾತ್ರ ಹೆಚ್ಚಿಸುತ್ತ ಹೋದರೆ ಅಂಟು ಹಿಡಿಯುವ ಗುಣವೂ ಹೋಗುತ್ತದೆ, ಹಣವೂ ಹೋಗುತ್ತದೆ.

ಇದನ್ನು ಲೆಕ್ಕದಿಂದಲೇ ಕಾಣಬಹುದು. ಶುದ್ಧ ಬೆಳ್ಳಿಯ ರೋಧಶೀಲತೆ (ಆಕಾರ, ಅಳತೆ ಏನೇ ಇರಲಿ, ವಸ್ತುವಿಗೇ ಸೇರಿದ ರೋಧದ ಗುಣ) ಸುಮಾರು 1.6 ಮೈಕ್ರೋಓಮ್-ಸೆಂಟಿಮೀಟರ್, ತವರ–ಸೀಸದ ಬೆಸುಗೆಯದು ಸುಮಾರು 15, ಬೆಳ್ಳಿ ತುಂಬಿದ ಸಾಮಾನ್ಯ ಎಪಾಕ್ಸಿ ಅಂಟಿನದು 100ರಿಂದ 500. ಇಂಥ ಅಂಟಿನಲ್ಲಿ ಬೆಳ್ಳಿ ತೂಕದಲ್ಲಿ ಶೇ. 80ರಷ್ಟಿದ್ದರೂ ಗಾತ್ರದಲ್ಲಿ ಶೇ. 31ರಷ್ಟು ಮಾತ್ರ ಇರುತ್ತದೆ, ಏಕೆಂದರೆ ಬೆಳ್ಳಿಯ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 10.5 ಗ್ರಾಂ ಆದರೆ ಎಪಾಕ್ಸಿಯದು 1.2ರ ಆಸುಪಾಸು. ಗಾತ್ರದ ಮೂರನೆಯ ಒಂದು ಭಾಗದಷ್ಟಿರುವ ಈ ಬೆಳ್ಳಿ ಎಲ್ಲಿಯೂ ಕಡಿಯದೆ ಒಂದೇ ಜಾಲವಾಗಿ ಹಬ್ಬಿದ್ದಿದ್ದರೆ ಅಂಟಿನ ರೋಧಶೀಲತೆ ಶುದ್ಧ ಬೆಳ್ಳಿಯ ಹತ್ತು ಪಟ್ಟನ್ನು ಮೀರುವ ಕಾರಣವಿರಲಿಲ್ಲ. ನಿಜದಲ್ಲಿ ಅದು ಅರವತ್ತರಿಂದ ಮುನ್ನೂರು ಪಟ್ಟು ಇದೆ. ಈ ಅಂತರವಷ್ಟೂ ಸಂದುಗಳ ಪಾಲು, ಮತ್ತು ನಾವು ಗಳಿಸಬಹುದಾದ ಲಾಭವೂ ಅಲ್ಲಿಯೇ ಇದೆ. ಬೆಳ್ಳಿ–ಎಪಾಕ್ಸಿ ಅಂಟಿಗೆ ಅಮೆರಿಕದಲ್ಲಿ ಪೇಟೆಂಟ್ ದೊರೆತದ್ದು 1956ರಲ್ಲಿ. 2006ರಲ್ಲಿ ಯುರೋಪ್ ಒಕ್ಕೂಟ ವಿದ್ಯುನ್ಮಾನ ಸಾಮಗ್ರಿಗಳಲ್ಲಿ ಸೀಸವನ್ನು ನಿರ್ಬಂಧಿಸಿದ ಆಚೀಚಿನ ವರ್ಷಗಳಲ್ಲಿ, ಬೆಸುಗೆಗೆ ಬದಲಿ ಹುಡುಕುವ ಭರದಲ್ಲಿ, ಈ ಸಂದುಗಳ ಅಧ್ಯಯನ ತೀವ್ರಗೊಂಡಿತು.

ಮೊದಲು ಅಳತೆ

ಅಳೆಯಲು ಬಾರದುದನ್ನು ಸುಧಾರಿಸಲಾಗದು. ಆದ್ದರಿಂದ ಮಿಶ್ರಣಕ್ಕೆ ಕೈಹಚ್ಚುವ ಮುನ್ನ ಅಳತೆಯ ಕ್ರಮವನ್ನು ಗಟ್ಟಿ ಮಾಡಿಕೊಳ್ಳಬೇಕು. ಬೇಕಾಗುವುದು ಸೂಕ್ಷ್ಮದರ್ಶಕಕ್ಕೆ ಬಳಸುವ 75 ಮಿಲಿಮೀಟರ್ ಉದ್ದದ ಗಾಜಿನ ಸ್ಲೈಡ್, ಅಂಟುಪಟ್ಟಿ, ಬ್ಲೇಡ್, ಮೈಕ್ರೋಮೀಟರ್, ಸ್ಥಿರ ಪ್ರವಾಹ ಕೊಡುವ ಪವರ್ ಸಪ್ಲೈ ಮತ್ತು ಮಿಲಿವೋಲ್ಟನ್ನು ಸರಿಯಾಗಿ ತೋರಿಸುವ ಒಂದು ಮೀಟರ್.

ಸ್ಲೈಡನ್ನು ಅಸಿಟೋನ್‌ನಿಂದಲೂ ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದಲೂ ಒರೆಸಿ ಒಣಗಿಸಿದ ಮೇಲೆ, ಉದ್ದಕ್ಕೆ ಸಮಾನಾಂತರವಾಗಿ ಎರಡು ಅಂಟುಪಟ್ಟಿಗಳನ್ನು 5 ಮಿಲಿಮೀಟರ್ ಅಂತರದಲ್ಲಿ ಹಚ್ಚಿರಿ. ನಡುವಿನ ಓಣಿಗೆ ಅಂಟನ್ನು ಸುರಿದು, ಬ್ಲೇಡನ್ನು ಎರಡೂ ಪಟ್ಟಿಗಳ ಮೇಲೆ ಒರಗಿಸಿ ಒಂದೇ ಎಳೆತದಲ್ಲಿ ಸವರಿರಿ. ಅಂಟು ಗಟ್ಟಿಯಾಗುವ ಮುನ್ನವೇ ಪಟ್ಟಿಗಳನ್ನು ಮೆಲ್ಲಗೆ ಕಿತ್ತುಬಿಡಬೇಕು, ಇಲ್ಲದಿದ್ದರೆ ಅಂಚು ಹರಿದು ಅಗಲದ ಅಳತೆ ತಪ್ಪುತ್ತದೆ. ಕ್ಯೂರ್ ಆದ ಬಳಿಕ, ಅಂದರೆ ರಾಳ ಪೂರ್ತಿ ಗಟ್ಟಿಯಾದ ಮೇಲೆ, ಉದ್ದಕ್ಕೂ ಐದು ಕಡೆ ದಪ್ಪವನ್ನು ಅಳೆದು ಸರಾಸರಿ ತೆಗೆದುಕೊಳ್ಳಿರಿ. ದಪ್ಪವನ್ನು ಅಂದಾಜಿನಿಂದ ಹಾಕಿಕೊಳ್ಳುವುದು ಈ ಕೆಲಸದಲ್ಲಿ ನಡೆಯುವ ಅತಿ ಸಾಮಾನ್ಯ ತಪ್ಪು. 60 ಮೈಕ್ರಾನ್ ಎಂದುಕೊಂಡದ್ದು 45 ಮೈಕ್ರಾನ್ ಆಗಿದ್ದರೆ ಉತ್ತರದಲ್ಲಿ ಮೂರನೆಯ ಒಂದು ಭಾಗದಷ್ಟು ದೋಷ ಅಲ್ಲಿಯೇ ಸೇರಿಕೊಂಡಿತು.

ಅಳೆಯುವಾಗ ನಾಲ್ಕು ತಂತಿಯ ವಿಧಾನ ಕಡ್ಡಾಯ. ಗಾಜಿನ ಮೇಲೆ ಉಳಿದ ಅಂಟಿನ ಪಟ್ಟಿಯ ಎರಡು ತುದಿಗಳ ಮೂಲಕ 100 ಮಿಲಿಆಂಪಿಯರ್ ಪ್ರವಾಹ ಹರಿಸಿ, ಒಳಗಡೆ 50 ಮಿಲಿಮೀಟರ್ ಅಂತರದಲ್ಲಿಟ್ಟ ಬೇರೆ ಎರಡು ಮೊನೆಗಳಿಂದ ವೋಲ್ಟೇಜನ್ನು ಓದಿರಿ. ಬಳಿಕ ಪ್ರವಾಹದ ದಿಕ್ಕನ್ನು ತಿರುಗಿಸಿ ಮತ್ತೊಮ್ಮೆ ಓದಿ ಸರಾಸರಿ ಹಿಡಿಯಿರಿ. ರೋಧಶೀಲತೆಯೆಂದರೆ ರೋಧವನ್ನು ಅಗಲ ಮತ್ತು ದಪ್ಪಗಳಿಂದ ಗುಣಿಸಿ ಒಳಮೊನೆಗಳ ಅಂತರದಿಂದ ಭಾಗಿಸಿದ ಮೊತ್ತ. ಪಟ್ಟಿ 5 ಮಿಲಿಮೀಟರ್ ಅಗಲವೂ 60 ಮೈಕ್ರಾನ್ ದಪ್ಪವೂ ಇದ್ದು ಮೀಟರ್ 66.7 ಮಿಲಿವೋಲ್ಟ್ ತೋರಿಸಿದರೆ ರೋಧ 0.667 ಓಮ್, ರೋಧಶೀಲತೆ 400 ಮೈಕ್ರೋಓಮ್-ಸೆಂಟಿಮೀಟರ್. ಅದೇ ಅಂಟನ್ನು ಸುಧಾರಿಸಿ 120ಕ್ಕೆ ಇಳಿಸಿದಿರೆಂದರೆ ಪಟ್ಟಿಯ ರೋಧ 0.2 ಓಮ್ ಆಗುತ್ತದೆ. ಸಾಮಾನ್ಯ ಮಲ್ಟಿಮೀಟರಿನ ಎರಡು ತಂತಿಗಳ ಮತ್ತು ಮೊನೆಗಳ ರೋಧವೇ ಸುಮಾರು ಅಷ್ಟಿರುವುದರಿಂದ, ಎರಡು ತಂತಿಯಲ್ಲಿ ಅಳೆಯುವವರಿಗೆ ತಮ್ಮ ಅಂಟು ಸುಧಾರಿಸಿದೆಯೋ ಇಲ್ಲವೋ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಪ್ರತಿ ಮಿಶ್ರಣಕ್ಕೂ ಕನಿಷ್ಠ ಮೂರು ಸ್ಲೈಡ್‌ಗಳನ್ನು ಮಾಡಿರಿ.

ಎಷ್ಟು ಬೆಳ್ಳಿ, ಯಾವ ಆಕಾರದ ಬೆಳ್ಳಿ

ರಾಳದಲ್ಲಿ ಬೆಳ್ಳಿಯನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋದರೆ ಮೊದಲು ಬಹುಕಾಲ ಏನೂ ಆಗುವುದಿಲ್ಲ. ಒಂದು ಹಂತದಲ್ಲಿ ಕಣಗಳು ಈ ತುದಿಯಿಂದ ಆ ತುದಿಗೆ ಸರಪಳಿಯಾಗಿ ಕೂಡಿಕೊಂಡಾಗ ರೋಧ ಹಲವು ಲಕ್ಷ ಪಟ್ಟು ಕುಸಿಯುತ್ತದೆ. ಇದನ್ನು ಪರ್ಕೊಲೇಶನ್ ಮಿತಿ ಎನ್ನುತ್ತಾರೆ. ಈ ಮಿತಿಯನ್ನು ದಾಟಿದ ಮೇಲೆ ಇಳಿಕೆ ನಿಧಾನವಾಗಿ, ಕೊನೆಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಮಿತಿ ನಿರ್ಧಾರವಾಗುವುದು ಗಾತ್ರದ ಪಾಲಿನಿಂದ, ತೂಕದ ಪಾಲಿನಿಂದಲ್ಲ. ತೂಕದಲ್ಲಿ ಶೇ. 70 ಬೆಳ್ಳಿಯೆಂದರೆ ಗಾತ್ರದಲ್ಲಿ ಶೇ. 21, ತೂಕದಲ್ಲಿ 75 ಎಂದರೆ 26, ತೂಕದಲ್ಲಿ 85 ಎಂದರೆ 39. ಆದ್ದರಿಂದ ತೂಕದಲ್ಲಿ ಶೇ. 72ರಿಂದ ಆರಂಭಿಸಿ ಎರಡೆರಡರಂತೆ ಏರಿಸುತ್ತ ಪ್ರತಿ ಹಂತದಲ್ಲೂ ಪಟ್ಟಿ ಎಳೆದು ಅಳೆಯಿರಿ, ಮತ್ತು ರೋಧದ ಇಳಿಕೆಯ ರೇಖೆ ಮಲಗತೊಡಗಿದ ಕಡೆ ನಿಲ್ಲಿಸಿರಿ. ಅದರಿಂದಾಚೆಗೆ ಹಾಕಿದ ಬೆಳ್ಳಿ ವಾಹಕತೆಗೆ ಕೊಡುವುದು ಅಲ್ಪ, ಅಂಟಿನ ಹಿಡಿತದಿಂದ ಕಸಿಯುವುದು ಬಹಳ.

ಆಕಾರದ ವಿಷಯಕ್ಕೆ ಬಂದರೆ, ದುಂಡನೆಯ ಕಣಗಳು ಒಂದನ್ನೊಂದು ಬಿಂದುವಿನಲ್ಲಿ ಮುಟ್ಟುತ್ತವೆ, ಚಪ್ಪಟೆ ಚಕ್ಕೆಗಳು ಮೈಗೆ ಮೈ ಹಚ್ಚಿಕೊಂಡು ಕೂರುತ್ತವೆ. ತೆಳು ಅವಲಕ್ಕಿಯನ್ನು ಮುಷ್ಟಿಯಲ್ಲಿ ಒತ್ತಿದಾಗ ಅದು ಒಂದರ ಮೇಲೊಂದು ಪದರವಾಗಿ ಕೂರುವುದನ್ನು ನೆನೆದುಕೊಂಡರೆ ವ್ಯತ್ಯಾಸ ಅರ್ಥವಾದೀತು. ಅದಕ್ಕಾಗಿಯೇ ವಾಹಕ ಅಂಟುಗಳಲ್ಲಿ ಹೆಚ್ಚಾಗಿ ಕೆಲವು ಮೈಕ್ರಾನ್‌ಗಳಿಂದ ಇಪ್ಪತ್ತು ಮೈಕ್ರಾನ್‌ಗಳಷ್ಟು ಅಗಲದ ಚಕ್ಕೆಗಳನ್ನೇ ಬಳಸುತ್ತಾರೆ, ಮತ್ತು ಅವುಗಳ ನಡುವಿನ ಕುಳಿಗಳನ್ನು ತುಂಬಲು ಒಂದು ಮೈಕ್ರಾನ್‌ನ ಸಣ್ಣ ಕಣಗಳನ್ನು ಒಂದಿಷ್ಟು ಸೇರಿಸುತ್ತಾರೆ.

ನ್ಯಾನೊ ಬೆಳ್ಳಿಯ ಬಗ್ಗೆ ಒಂದು ಎಚ್ಚರಿಕೆಯ ಮಾತು. ಒಂದು ಸೆಂಟಿಮೀಟರ್ ದಾರಿಯನ್ನು 10 ಮೈಕ್ರಾನ್ ಚಕ್ಕೆಗಳಿಂದ ದಾಟಲು ಸುಮಾರು ಸಾವಿರ ಸಂದುಗಳನ್ನು ಹಾಯಬೇಕು, 100 ನ್ಯಾನೊಮೀಟರ್ ಕಣಗಳಿಂದ ದಾಟಲು ಸುಮಾರು ಒಂದು ಲಕ್ಷ ಸಂದುಗಳನ್ನು ಹಾಯಬೇಕು. ಪ್ರತಿ ಸಂದೂ ರೋಧವನ್ನು ಕೂಡಿಸುವುದರಿಂದ, ಚಕ್ಕೆಗಳ ಬದಲಿಗೆ ನ್ಯಾನೊ ಕಣಗಳನ್ನು ತುಂಬಿದವರ ಅಂಟು ಮೊದಲಿಗಿಂತ ಕೆಟ್ಟದ್ದಾಗುವುದು ಸಹಜ. ನ್ಯಾನೊ ಕಣಗಳ ನಿಜವಾದ ಗುಣ ಬೇರೆ. ಅವು ಬೆಳ್ಳಿಯ ಕರಗುಬಿಂದುವಿಗಿಂತ, ಅಂದರೆ 962 ಡಿಗ್ರಿ ಸೆಲ್ಸಿಯಸ್‌ಗಿಂತ, ಬಹಳ ಕೆಳಗೆ, 150ರಿಂದ 200 ಡಿಗ್ರಿಯ ಆಸುಪಾಸಿನಲ್ಲಿಯೇ ಒಂದಕ್ಕೊಂದು ಬೆಸೆದುಕೊಳ್ಳಬಲ್ಲವು. ಹಾಗೆ ಬೆಸೆದುಕೊಂಡಾಗ ಎರಡು ಚಕ್ಕೆಗಳ ನಡುವಿನ ಸಂದು ಲೋಹದ ಸೇತುವೆಯಾಗಿಬಿಡುತ್ತದೆ. ಕ್ಯೂರಿಂಗ್ ಉಷ್ಣತೆ ಅಷ್ಟಕ್ಕೆ ಏರದಿದ್ದರೆ, ಅಥವಾ ಕಣಗಳ ಮೇಲಿನ ರಕ್ಷಣಾ ಲೇಪ ಆ ಉಷ್ಣತೆಯಲ್ಲಿ ಬಿಟ್ಟುಹೋಗದಿದ್ದರೆ, ನ್ಯಾನೊ ಬೆಳ್ಳಿಗೆ ಹಣ ಹಾಕುವುದು ಬೇಡ.

ಚಕ್ಕೆಯ ಮೈಮೇಲಿನ ಜಿಡ್ಡು

ನನ್ನ ಅಭಿಪ್ರಾಯದಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಡುವುದು ಈ ಹಂತ, ಮತ್ತು ಅತಿ ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ. ಬೆಳ್ಳಿಪುಡಿಯನ್ನು ಗುಂಡುಗಳ ಗಿರಣಿಯಲ್ಲಿ ಬಡಿದು ಚಕ್ಕೆ ಮಾಡುವಾಗ ಕಣಗಳು ತಮ್ಮತಮ್ಮಲ್ಲೇ ಬೆಸೆದುಕೊಳ್ಳದಿರಲೆಂದು ತಯಾರಕರು ಸ್ಟಿಯರಿಕ್ ಆಮ್ಲದಂಥ ಕೊಬ್ಬಿನಾಮ್ಲವನ್ನು ಹಾಕುತ್ತಾರೆ. ಅದು ಚಕ್ಕೆಯ ಮೈಗೆ ರಾಸಾಯನಿಕವಾಗಿ ಅಂಟಿಕೊಂಡು ಉಳಿಯುತ್ತದೆ. ಹದಿನೆಂಟು ಕಾರ್ಬನ್‌ಗಳ ಆ ಸರಪಳಿ ಶುದ್ಧ ಅವಾಹಕ. ಅದರಿಂದಾಗಿಯೇ ಚಕ್ಕೆಗಳು ರಾಳದಲ್ಲಿ ಚೆನ್ನಾಗಿ ಹರಡಿಕೊಳ್ಳುತ್ತವೆ, ಅದರಿಂದಾಗಿಯೇ ಅವು ಒಂದನ್ನೊಂದು ನೇರವಾಗಿ ಮುಟ್ಟಲಾರವು.

ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಸಿ. ಪಿ. ವಾಂಗ್ ಮತ್ತು ಅವರ ಸಂಗಡಿಗರು ಈ ಜಿಡ್ಡಿನ ಬಗೆಗೆ ವಿಸ್ತಾರವಾಗಿ ಕೆಲಸ ಮಾಡಿದ್ದಾರೆ. ಅವರು ಹಿಡಿದ ದಾರಿಗಳಲ್ಲಿ ಒಂದೆಂದರೆ, ಉದ್ದ ಸರಪಳಿಯ ಸ್ಟಿಯರಿಕ್ ಆಮ್ಲದ ಜಾಗಕ್ಕೆ ಗಿಡ್ಡ ಸರಪಳಿಯ, ಎರಡು ಆಮ್ಲ ತುದಿಗಳುಳ್ಳ ಅಡಿಪಿಕ್ ಆಮ್ಲದಂಥದನ್ನು ತಂದು ಕೂರಿಸುವುದು. ಗಿಡ್ಡ ಅಣು ಸಂದನ್ನು ಕಿರಿದುಗೊಳಿಸುವುದರಿಂದ ಎಲೆಕ್ಟ್ರಾನ್‌ಗಳು ಅದನ್ನು ಸುಲಭವಾಗಿ ಹಾಯುತ್ತವೆ.

ಸಣ್ಣ ಪ್ರಮಾಣದಲ್ಲಿ ಇದನ್ನು ಮಾಡಲು ಎಥನಾಲ್‌ನಲ್ಲಿ ಅಡಿಪಿಕ್ ಆಮ್ಲವನ್ನು ಕರಗಿಸಿ, ಅದರಲ್ಲಿ ಚಕ್ಕೆಗಳನ್ನು ಕೆಲವು ಗಂಟೆ ಮೆಲ್ಲಗೆ ಕದಡುತ್ತಿದ್ದು, ಸೋಸಿ, ಶುದ್ಧ ಎಥನಾಲ್‌ನಿಂದ ಎರಡು ಬಾರಿ ತೊಳೆದು, 60 ಡಿಗ್ರಿ ಮೀರದಂತೆ ಒಣಗಿಸಿರಿ. ಆಮ್ಲವನ್ನು ಬೆಳ್ಳಿಯ ತೂಕದ ಶೇ. 1ರಷ್ಟರಿಂದ ಆರಂಭಿಸಿ, ಅಳತೆ ನೋಡಿಕೊಂಡು ಮುಂದುವರಿಯಿರಿ. ತೊಳೆಯುವುದನ್ನು ಬಿಡಬಾರದು, ಏಕೆಂದರೆ ಉಳಿದ ಆಮ್ಲ, ರಾಳವನ್ನು ಗಟ್ಟಿಯಾಗಿಸಲು ಬೆರೆಸುವ ಅಮೈನ್ ಹಾರ್ಡ್‌ನರ್‌ನೊಡನೆ ಸೇರಿಕೊಂಡು ಕ್ಯೂರಿಂಗ್‌ನ ಲೆಕ್ಕವನ್ನೇ ಕೆಡಿಸುತ್ತದೆ. ಜಿಡ್ಡನ್ನು ಪೂರ್ತಿ ಕಿತ್ತೊಗೆಯುವ ಹಟವೂ ಬೇಡ. ಬರಿ ಮೈಯ ಚಕ್ಕೆಗಳು ರಾಳದಲ್ಲಿ ಮುದ್ದೆಗಟ್ಟಿ, ಅಂಟು ಸಿರಿಂಜಿನಿಂದ ಹೊರಬಾರದಷ್ಟು ಗಟ್ಟಿಯಾಗುತ್ತದೆ. ಚಕ್ಕೆಗಳನ್ನು ಚೊಕ್ಕ ಮಾಡಲೆಂದು ನೈಟ್ರಿಕ್ ಆಮ್ಲವನ್ನು ತರುವ ಯೋಚನೆ ಯಾರಿಗಾದರೂ ಬಂದರೆ ಅದನ್ನು ಅಲ್ಲಿಗೇ ಬಿಟ್ಟುಬಿಡಬೇಕು. ಬೆಳ್ಳಿ, ನೈಟ್ರಿಕ್ ಆಮ್ಲ ಮತ್ತು ಆಲ್ಕೊಹಾಲ್ ಒಂದೆಡೆ ಸೇರಿದರೆ ಸ್ಫೋಟಕ ವಸ್ತು ಉಂಟಾಗುವ ಅಪಾಯವಿದೆ.

ಬೆರೆಸುವುದು

ಇಲ್ಲಿ ನಾನು ಪದೇ ಪದೇ ಕಂಡ ತಪ್ಪು ಒಂದೇ. ಹಾರ್ಡ್‌ನರನ್ನು ಇಡೀ ಮುದ್ದೆಯ ತೂಕಕ್ಕೆ ಲೆಕ್ಕ ಹಾಕುವುದು. ಶೇ. 80 ಬೆಳ್ಳಿ ಇರುವ 10 ಗ್ರಾಂ ಅಂಟಿನಲ್ಲಿ ರಾಳ ಮತ್ತು ಹಾರ್ಡ್‌ನರ್ ಎರಡೂ ಸೇರಿ ಇರುವುದು 2 ಗ್ರಾಂ ಮಾತ್ರ. ನೂರು ಭಾಗ ರಾಳಕ್ಕೆ ಹದಿಮೂರು ಭಾಗ ಹಾರ್ಡ್‌ನರ್ ಬೇಕಿದ್ದರೆ ಹಾಕಬೇಕಾದುದು 0.23 ಗ್ರಾಂ. ಒಂದು ಹನಿ ಹೆಚ್ಚಾದರೂ ಅನುಪಾತ ಹದಗೆಡುವಷ್ಟು ಸಣ್ಣ ಮೊತ್ತ ಇದು, ಆದ್ದರಿಂದ ಮಿಲಿಗ್ರಾಂ ತೋರಿಸುವ ತಕ್ಕಡಿ ಇಲ್ಲದೆ ಸಣ್ಣ ಬ್ಯಾಚ್ ಮಾಡಲು ಹೋಗಬಾರದು.

ಬೆಳ್ಳಿಯನ್ನು ರಾಳಕ್ಕೆ ನಾಲ್ಕೈದು ಕಂತುಗಳಲ್ಲಿ ಸೇರಿಸಿರಿ, ಒಣಪುಡಿಯ ಉಂಡೆ ಎಲ್ಲಿಯೂ ಉಳಿಯದಂತೆ ಚಪ್ಪಟೆ ಚಮಚದಿಂದ ಪಾತ್ರೆಯ ಗೋಡೆಗೆ ಒತ್ತಿ ಅರೆಯಿರಿ, ಹಾರ್ಡ್‌ನರನ್ನು ಕೊನೆಗೆ ಹಾಕಿರಿ, ಆಮೇಲೆ ನಿರ್ವಾತದಲ್ಲಿಟ್ಟು ಗಾಳಿಗುಳ್ಳೆಗಳನ್ನು ತೆಗೆಯಿರಿ. ಮೂರು ಉರುಳೆಗಳ ಗಿರಣಿ ಇದ್ದರೆ ಉರುಳೆಗಳ ಅಂತರವನ್ನು ಚಕ್ಕೆಯ ಅಗಲಕ್ಕಿಂತ ಕಿರಿದು ಮಾಡಬೇಡಿರಿ, ಚಕ್ಕೆಗಳು ಮಡಚಿಕೊಂಡು ಮುರಿಯುತ್ತವೆ.

ಓವನ್ನಿನೊಳಗೆ ಆಗುವುದು

ಹಸಿ ಅಂಟು ಹೇಳುವಷ್ಟು ವಾಹಕವಲ್ಲ. ವಾಹಕತೆ ಹುಟ್ಟುವುದು ರಾಳ ಗಟ್ಟಿಯಾಗುವ ಹೊತ್ತಿನಲ್ಲಿ. ಇದನ್ನು ಒಮ್ಮೆ ಕಣ್ಣಾರೆ ನೋಡಿದರೆ ಮತ್ತೆಂದೂ ಮರೆಯುವುದಿಲ್ಲ. ಹಸಿ ಪಟ್ಟಿಯ ಸ್ಲೈಡಿಗೆ ನಾಲ್ಕು ತಂತಿಗಳನ್ನು ಕಟ್ಟಿ ಓವನ್ನಿನ ಬಾಗಿಲ ಸಂದಿನಿಂದ ಹೊರಗೆ ತಂದು ಮೀಟರಿಗೆ ಜೋಡಿಸಿ ಕೂತಿದ್ದೆ. ಮೊದಲ ನಿಮಿಷಗಳಲ್ಲಿ ಅಂಕಿಗಳು ನಿಲ್ಲದೆ ಕುಣಿಯುತ್ತಿದ್ದವು. ರಾಳ ಹೆಪ್ಪುಗಟ್ಟತೊಡಗಿದ ಹೊತ್ತಿಗೆ ಮೀಟರಿನ ಅಂಕಿ ಒಮ್ಮೆಲೇ ಜಾರತೊಡಗಿ, ಕೆಲವೇ ನಿಮಿಷಗಳಲ್ಲಿ ಓಮ್‌ಗಿಂತ ಕೆಳಗಿಳಿದು ಅಲ್ಲಿಯೇ ನೆಲೆಸಿತು. ಬೆಳ್ಳಿಯನ್ನು ಯಾರೂ ಸೇರಿಸಿರಲಿಲ್ಲ. ರಾಳದ ಅಣುಗಳು ಹೆಣೆದುಕೊಳ್ಳುತ್ತ ಕುಗ್ಗಿದಾಗ ಚಕ್ಕೆಗಳು ಒಂದಕ್ಕೊಂದು ಒತ್ತಿಕೊಂಡವು, ಅಷ್ಟೆ. ಈ ಕುಗ್ಗುವಿಕೆಯೇ ವಾಹಕತೆಯ ಮುಖ್ಯ ಕಾರಣವೆಂಬುದನ್ನು 1999ರ ಹೊತ್ತಿಗೆ ವಾಂಗ್ ಅವರ ತಂಡ ಪ್ರಯೋಗಗಳಿಂದ ತೋರಿಸಿತ್ತು.

ಇದರಿಂದ ಎರಡು ನಿರ್ಧಾರಗಳು ಹೊರಡುತ್ತವೆ. ಒಂದು, ರಾಳದ ಆಯ್ಕೆ. ಒಂದು ಅಣುವಿಗೆ ಎರಡಕ್ಕಿಂತ ಹೆಚ್ಚು ಎಪಾಕ್ಸಿ ಗುಂಪುಗಳಿರುವ ರಾಳವನ್ನು ಸಾಮಾನ್ಯ ರಾಳಕ್ಕೆ ಸ್ವಲ್ಪ ಸೇರಿಸಿದರೆ ಹೆಣಿಗೆ ದಟ್ಟವಾಗಿ, ಕುಗ್ಗುವಿಕೆ ಹೆಚ್ಚಿ, ರೋಧ ಇಳಿಯುತ್ತದೆ. ಅತಿಯಾದರೆ ಅಂಟು ಪೆಡಸಾಗಿ ಅಂಚಿನಿಂದ ಬಿಡತೊಡಗುತ್ತದೆ, ಅದಕ್ಕಾಗಿ ಪ್ರತಿ ಬದಲಾವಣೆಯ ಜೊತೆಗೆ ಹಿಡಿತದ ಪರೀಕ್ಷೆಯನ್ನೂ ಮಾಡಬೇಕು. ಇನ್ನೊಂದು, ಕ್ಯೂರಿಂಗ್ ಉಷ್ಣತೆ. ಕೋಣೆಯ ಉಷ್ಣತೆಯಲ್ಲಿ ಒಂದು ದಿನ ಬಿಟ್ಟ ಅಂಟಿಗಿಂತ 150 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟ ಅಂಟಿನ ರೋಧ ಎಷ್ಟೋ ಪಟ್ಟು ಕಡಿಮೆ ಇರುತ್ತದೆ. ಕೈಯಲ್ಲಿರುವ ಅಂಟನ್ನು ಬದಲಿಸುವ ಅವಕಾಶವೇ ಇಲ್ಲದವರೂ, ಅಂಟಿಸಬೇಕಾದ ವಸ್ತು ಮತ್ತು ಅಂಟಿನ ತಯಾರಕರು ಕೊಟ್ಟ ಮಿತಿ ತಾಳುವಷ್ಟರ ಮಟ್ಟಿಗೆ ಉಷ್ಣತೆಯನ್ನು ಏರಿಸಿ ಲಾಭ ಪಡೆಯಬಹುದು. ಅಂಟಿನಲ್ಲಿ ದ್ರಾವಕ ಇದ್ದರೆ ಮೊದಲು 80 ಡಿಗ್ರಿಯ ಆಸುಪಾಸಿನಲ್ಲಿ ಅರ್ಧ ಗಂಟೆ ಇಟ್ಟು ಅದನ್ನು ಹೋಗಗೊಡಿರಿ, ನೇರವಾಗಿ ಬಿಸಿಗೆ ನುಗ್ಗಿಸಿದರೆ ಒಳಗೆ ಗುಳ್ಳೆಗಳಾಗಿ ದಾರಿ ಕಡಿಯುತ್ತದೆ.

ಅಂಟು ಮತ್ತು ಲೋಹ ಕೂಡುವ ಜಾಗ

ಸ್ಲೈಡಿನ ಮೇಲೆ ಚೆನ್ನಾಗಿರುವ ಅಂಟು ಸರ್ಕಿಟ್ ಹಲಗೆಯ ಮೇಲೆ ಸೋಲಬಹುದು. ಒಮ್ಮೆ ಮಣ್ಣಿನ ತೇವ ಅಳೆಯುವ ಕೆಲವು ಹಲಗೆಗಳನ್ನು ತವರ ಲೇಪಿಸಿದ ಸಂಪರ್ಕಗಳ ಮೇಲೆ ಬೆಳ್ಳಿ ಅಂಟಿನಿಂದ ಜೋಡಿಸಿ ಕರಾವಳಿಯ ಒಂದು ಅಡಿಕೆ ತೋಟಕ್ಕೆ ಕಳಿಸಿದ್ದೆವು. ಬೆಂಗಳೂರಿನ ಬೇಸಿಗೆಯಲ್ಲಿ ಪ್ರತಿ ಜೋಡಣೆಯೂ ಒಂದು ಓಮ್‌ನ ಹತ್ತರಲ್ಲೊಂದಂಶಕ್ಕಿಂತ ಕಡಿಮೆ ತೋರಿಸಿತ್ತು. ಆಷಾಢ ಕಳೆಯುವಷ್ಟರಲ್ಲಿ ಹಲವು ಜೋಡಣೆಗಳು ಕೆಲವು ಓಮ್‌ಗಳಿಗೆ ಏರಿದ್ದವು. ಒಂದನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬೆಳ್ಳಿ ಚಕ್ಕೆಗಳು ಮೊದಲಿನಂತೆಯೇ ಹೊಳೆಯುತ್ತಿದ್ದವು, ಅವುಗಳ ಕೆಳಗೆ ತವರದ ಮೇಲೆ ಮಾತ್ರ ಮಂಕಾದ ಬೂದು ಪದರವೊಂದು ಬೆಳೆದಿತ್ತು.

ಕಾರಣ ಗ್ಯಾಲ್ವನಿಕ್ ಸವೆತ. ಬೆಳ್ಳಿ ಮತ್ತು ತವರದ ನಡುವೆ ತೇವ ಸೇರಿದರೆ ಅದೊಂದು ಪುಟ್ಟ ವಿದ್ಯುತ್ ಕೋಶವಾಗಿ, ಎರಡರಲ್ಲಿ ದುರ್ಬಲವಾದ ತವರ ಸವೆದು ಅವಾಹಕ ಆಕ್ಸೈಡ್ ಆಗುತ್ತದೆ. ಸಾಧ್ಯವಿದ್ದರೆ ಸಂಪರ್ಕಗಳಿಗೆ ಚಿನ್ನದ ಅಥವಾ ಬೆಳ್ಳಿಯ ಲೇಪ ಕೊಡಿಸುವುದೇ ಉತ್ತಮ ಪರಿಹಾರ. ಅದು ಆಗದಿದ್ದರೆ ತೇವ ಹೀರದ ರಾಳವನ್ನು ಆರಿಸಿ, ಜೋಡಣೆಯ ಮೇಲೆ ರಕ್ಷಣಾ ಲೇಪ ಹಚ್ಚಿರಿ. 8-ಹೈಡ್ರಾಕ್ಸಿಕ್ವಿನೊಲಿನ್‌ನಂಥ ಸವೆತ ತಡೆಯುವ ವಸ್ತುವನ್ನು ಅಂಟಿಗೇ ಅಲ್ಪ ಪ್ರಮಾಣದಲ್ಲಿ ಸೇರಿಸುವ ಕ್ರಮವೂ ಇದೆ. ತೇವ ಮತ್ತು ನೇರ ವಿದ್ಯುತ್ ಎರಡೂ ಇರುವ ಕಡೆ ಬೆಳ್ಳಿಯ ಅಯಾನುಗಳೇ ಒಂದು ಸಂಪರ್ಕದಿಂದ ಇನ್ನೊಂದಕ್ಕೆ ಸರಿದು ಶಾರ್ಟ್ ಮಾಡುವುದುಂಟು, ಆದ್ದರಿಂದ ಅಂಟಿನ ಗೆರೆಗಳನ್ನು ತೀರ ಹತ್ತಿರ ಎಳೆಯಬಾರದು.

ಬೆಳ್ಳಿಯ ಬದಲಿಗೆ ರಾಳಕ್ಕೆ ತುಂಬುವ ಅಗ್ಗದ ಫಿಲ್ಲರ್‌ಗಳ ಪ್ರಶ್ನೆ ಯಾವಾಗಲೂ ಬರುತ್ತದೆ. ಬೆಳ್ಳಿಯ ವಿಶೇಷವೆಂದರೆ ಅದರ ಆಕ್ಸೈಡ್ ಕೂಡ ಸಾಕಷ್ಟು ವಾಹಕ. ತಾಮ್ರದ ಆಕ್ಸೈಡ್ ಹಾಗಲ್ಲ, ಹೀಗಾಗಿ ಬರಿ ತಾಮ್ರದ ಅಂಟು ದಿನ ಕಳೆದಂತೆ ಕೆಡುತ್ತದೆ. ಬೆಳ್ಳಿ ಲೇಪಿಸಿದ ತಾಮ್ರ ನಡುವಿನ ದಾರಿ, ಲೇಪ ಎಲ್ಲಿಯೂ ಹರಿಯದಿದ್ದರೆ ಮಾತ್ರ. ಕಾರ್ಬನ್ ನ್ಯಾನೊಟ್ಯೂಬ್‌ಗಳು ತೂಕದಲ್ಲಿ ಶೇ. 1ಕ್ಕಿಂತ ಕಡಿಮೆ ಹಾಕಿದರೂ ಜಾಲ ಕಟ್ಟಿಕೊಳ್ಳುತ್ತವೆ, ಆದರೆ ಆ ಜಾಲದ ವಾಹಕತೆ ಬೆಳ್ಳಿಯದಕ್ಕಿಂತ ಬಹಳ ಕೆಳಗಿನದು. ಸ್ಥಿರ ವಿದ್ಯುತ್ತನ್ನು ಹರಿಯಗೊಡುವುದಷ್ಟೇ ಉದ್ದೇಶವಾಗಿದ್ದರೆ ಕಾರ್ಬನ್ ಸಾಕು, ಬೆಸುಗೆಯ ಬದಲಿಗೆ ಬೇಕಿದ್ದರೆ ಸಾಲದು.

ಕೊನೆಯ ಪರೀಕ್ಷೆಗೆ ಸ್ಲೈಡ್‌ಗಳನ್ನಲ್ಲ, ನಿಜವಾದ ಜೋಡಣೆಗಳನ್ನೇ 85 ಡಿಗ್ರಿ ಸೆಲ್ಸಿಯಸ್ ಮತ್ತು ಶೇ. 85 ಆರ್ದ್ರತೆಯಲ್ಲಿ 500 ಗಂಟೆ ಇಡಿರಿ. ಜೋಡಣೆಯ ರೋಧ ಈ ಅವಧಿಯಲ್ಲಿ ಶೇ. 20ಕ್ಕಿಂತ ಹೆಚ್ಚು ಬದಲಾಗಬಾರದೆಂಬುದು ವಾಹಕ ಅಂಟುಗಳಿಗೆ ಉದ್ಯಮದಲ್ಲಿ ರೂಢಿಯಲ್ಲಿರುವ ಅಳತೆಗೋಲು. ಆರಂಭದಲ್ಲಿ, 24 ಗಂಟೆಗೆ, ಆಮೇಲೆ ಪ್ರತಿ 100 ಗಂಟೆಗೆ ಅದೇ ನಾಲ್ಕು ತಂತಿಗಳಿಂದ ಅಳೆದು ಬರೆದಿಡಿರಿ. ರೋಧ ಮೊದಲ ದಿನವೇ ಏರಿ ನಿಂತರೆ ಕ್ಯೂರಿಂಗ್ ಪೂರ್ತಿಯಾಗಿತ್ತೇ ಎಂದು ಮೊದಲು ಪರಿಶೀಲಿಸಿರಿ. ನಿಲ್ಲದೆ ಏರುತ್ತಲೇ ಹೋದರೆ ಅಂಟನ್ನು ಬಿಟ್ಟು ಅದರ ಕೆಳಗಿನ ಲೋಹವನ್ನು ನೋಡಿರಿ.